ನಾನು ಇಳಿಸಿದ ಹದಿನೇಳು ಕಿಲೋ

ಮದುವೆಯಾಗಿ ಧಾರವಾಡದಿಂದ ಪುಣೆಗೆ ಬಂದಾಗ ನಾನು ಗುಂಡಗಿದ್ದೆ. ಎರಡು ಹೆರಿಗೆಯಾದ ಮೇಲೆ ಇನ್ನಷ್ಟು ಗುಂಡಗಾದೆ. ಆ ಹದಿನೈದು ವರ್ಷ ಒಬ್ಬರೂ ನನ್ನ ಮೈಯ ಉಸಾಬರಿಗೆ ಬರಲಿಲ್ಲ. ದಪ್ಪಗಿರುವ ಹೆಂಗಸು ಎಂದರೆ ಉಂಡುಟ್ಟು ಸುಖವಾಗಿರುವವಳು, ಅವಳನ್ನು ಕೇಳುವುದೇನಿದೆ? ತೆಳ್ಳಗಾಗತೊಡಗಿದೆ ನೋಡಿ, ಊರಿಗೆ ಊರೇ ಎದ್ದು ಕೂತಿತು.

"ಭಾಳ ಇಳದೀರಲ್ಲ, ಯಾಕ್ರೀ?" ಎಂದು ನಮ್ಮ ಕನ್ನಡದವರು ಕೇಳುತ್ತಿದ್ದರು. ಮರಾಠಿಯವರು ಯಾಕೆ ಎಂದು ಕೇಳುತ್ತಿರಲಿಲ್ಲ, ತಾವೇ ಊಹಿಸಿ ಹೇಳಿಬಿಡುತ್ತಿದ್ದರು. ಶುಗರ್ ಇರಬೇಕು, ಥೈರಾಯ್ಡ್ ಇರಬೇಕು, ಮನೆಯಲ್ಲಿ ಟೆನ್ಶನ್ ಇರಬೇಕು. ಉತ್ತರಕ್ಕೆ ಕಾಯುವ ತಾಳ್ಮೆ ಮಾತ್ರ ಎರಡೂ ಕಡೆಯವರಿಗೆ ಇರಲಿಲ್ಲ. ನಾನು ಬಾಯಿ ತೆರೆಯುವಷ್ಟರಲ್ಲಿ ಎದುರಿನವರ ಮುಖದ ಮೇಲೆ ಕನಿಕರ ಹರಡಿ, ಅವರ ಯಾರೋ ಚಿಕ್ಕಮ್ಮ ಹೀಗೇ ಇಳಿಯುತ್ತ ಇಳಿಯುತ್ತ ಹೋಗಿಬಿಟ್ಟ ಕಥೆ ಶುರುವಾಗಿರುತ್ತಿತ್ತು.

ಅದು ನಾನು ಬೆವರು ಸುರಿಸಿ ಇಳಿಸಿದ ತೂಕ. ಇಷ್ಟನ್ನು ಒಬ್ಬರಿಗಾದರೂ ನಂಬಿಸಲು ನನ್ನಿಂದ ಆಗಲಿಲ್ಲ. ಈಗ ನೆನೆಸಿಕೊಂಡರೂ ಸಿಟ್ಟು ಬರುತ್ತದೆ.

ಮೊದಲಿನಿಂದ ಹೇಳುತ್ತೇನೆ. ತೊಂಬತ್ತರ ದಶಕದ ಕೊನೆಗೆ ನನಗೆ ಗರ್ಭಚೀಲದಲ್ಲಿ ಗಡ್ಡೆಯಾಗಿ ಆಪರೇಶನ್ ಆಯಿತು. ಸಣ್ಣದು ಎಂದು ಹೇಳಿ ಒಳಗೆ ಕರೆದೊಯ್ದರು, ರಕ್ತ ನಿಲ್ಲದೆ ಅದು ದೊಡ್ಡದಾಯಿತು. ಒಳಗೆ ಹೋಗುವ ಮೊದಲು ನರ್ಸಮ್ಮ ನನ್ನನ್ನು ತೂಕದ ಯಂತ್ರದ ಮೇಲೆ ನಿಲ್ಲಿಸಿ ಗಟ್ಟಿಯಾಗಿ ಎಪ್ಪತ್ತೆಂಟು ಎಂದು ಕೂಗಿದ್ದಳು. ಹೊರಗೆ ಬೆಂಚಿನ ಮೇಲೆ ಕೂತಿದ್ದ ನನ್ನ ಅತ್ತೆಯ ಕಿವಿಯಲ್ಲಿ ಆ ಸಂಖ್ಯೆ ಉಳಿದುಬಿಟ್ಟಿತು. ಎರಡನೇ ಸಲ ಬಾಗಿಲು ಮುಚ್ಚಿ, ಇನ್ನೂ ರಕ್ತ ಬೇಕು ಎಂದು ನನ್ನ ಗಂಡನನ್ನು ಓಡಿಸಿದಾಗ, ಅತ್ತೆ ಅಲ್ಲೇ ಕೂತು ನಮ್ಮ ಮನೆದೇವರು ಮೈಲಾರಲಿಂಗನಿಗೆ ಹರಕೆ ಹೊತ್ತರು. ಸೊಸೆ ನಡೆದುಕೊಂಡು ಮನೆಗೆ ಬಂದರೆ ಜೇಜುರಿಗೆ ಕರೆತಂದು ಅವಳ ಭಾರದಷ್ಟು ಬೆಲ್ಲ ತೂಗಿ ಕೊಡುತ್ತೇನೆ ಎಂದು. ಮರಾಠಿಯವರು ಖಂಡೋಬಾ ಎನ್ನುವ ದೇವರೇ ನಮಗೆ ಮೈಲಾರಲಿಂಗ. ನಮ್ಮ ಕಡೆಯ ಎಷ್ಟೋ ಮನೆತನಗಳಿಗೆ ಜೇಜುರಿಯೇ ದೊಡ್ಡ ಠಾವು.

ಹನ್ನೆರಡು ದಿನಕ್ಕೆ ನಡೆದುಕೊಂಡೇ ಮನೆಗೆ ಬಂದೆ. ಹರಕೆ ಮಾತ್ರ ಹಿಂದೆ ಬಿತ್ತು. ಹೊರುವುದಕ್ಕೆ ಒಂದು ಗಳಿಗೆ ಸಾಕು, ತೀರಿಸುವುದಕ್ಕೆ ಎಲ್ಲರ ಅನುಕೂಲ ಬೇಕು. ಒಂದು ವರ್ಷ ಅತ್ತೆಯ ಕಣ್ಣಿನ ಆಪರೇಶನ್, ಮರು ವರ್ಷ ದಾಯಾದಿಗಳಲ್ಲಿ ಸಾವಿನ ಸೂತಕ, ಆಮೇಲೆ ಹುಬ್ಬಳ್ಳಿಯ ನಾದಿನಿ ಬರದೆ ತೂಗುವಂತಿಲ್ಲ, ನಾದಿನಿಯ ಗಂಡನಿಗೆ ರಜೆ ಇಲ್ಲ. ಹೀಗೆ ಎರಡು ವರ್ಷದ ಮೇಲಾಯಿತು.

ಆ ಎರಡು ವರ್ಷದಲ್ಲಿ ನಾನು ಬೇರೆ ಕೆಲಸಕ್ಕೆ ಬಿದ್ದಿದ್ದೆ. ಆಸ್ಪತ್ರೆಯಿಂದ ಕಳಿಸುವಾಗ ಡಾಕ್ಟರು ಬಿಪಿ ಇದೆ, ತೂಕ ಇಳಿಸಿ, ಇಲ್ಲದಿದ್ದರೆ ಮುಂದಿನ ಸಲ ನನ್ನ ಹತ್ತಿರವಲ್ಲ, ಹೃದಯದ ಡಾಕ್ಟರ ಹತ್ತಿರ ಹೋಗುತ್ತೀರಿ ಎಂದಿದ್ದರು. ನನ್ನ ಅಪ್ಪ ಐವತ್ತೆರಡಕ್ಕೆ ಎದೆನೋವು ಬಂದು ಹೋದವರು. ಅವರೂ ನನ್ನ ಹಾಗೇ ಗುಂಡಗಿದ್ದರು, ಅವರಿಗೂ ಯಾರೂ ಏನೂ ಅಂದಿರಲಿಲ್ಲ. ನನ್ನ ದೊಡ್ಡ ಮಗಳಿಗೆ ಆಗ ಹದಿಮೂರು, ಸಣ್ಣವನಿಗೆ ಒಂಬತ್ತು. ನನಗೆ ಬದುಕಬೇಕಿತ್ತು, ಅಷ್ಟೇ ವಿಷಯ.

ನಾವಿದ್ದದ್ದು ಕೋಥರೂಡಿನಲ್ಲಿ. ಹಿಂದೆಯೇ ಗುಡ್ಡ, ಪುಣೆಯವರು ಟೇಕಡಿ ಎನ್ನುತ್ತಾರೆ. ಬೆಳಿಗ್ಗೆ ಐದೂವರೆಗೆ ಎದ್ದು ಹತ್ತತೊಡಗಿದೆ. ಮೊದಲ ತಿಂಗಳು ಅರ್ಧಕ್ಕೇ ಏದುಸಿರು ಬಂದು ಬಂಡೆಯ ಮೇಲೆ ಕೂತು ಅತ್ತಿದ್ದೇನೆ. ಅನ್ನ ಬಿಟ್ಟೆ. ಎರಡು ರೊಟ್ಟಿಯಿಂದ ಒಂದಕ್ಕೆ ಬಂದೆ. ಚಹಾಕ್ಕೆ ಸಕ್ಕರೆ ಬಿಟ್ಟ ದಿನ ಯಾರೋ ತೀರಿಕೊಂಡಷ್ಟು ದುಃಖವಾಯಿತು. ಎರಡು ವರ್ಷಕ್ಕೆ ಎಪ್ಪತ್ತೆಂಟರಿಂದ ಅರವತ್ತೊಂದಕ್ಕೆ ಇಳಿದೆ. ಬಿಪಿಯ ಗುಳಿಗೆ ಅರ್ಧವಾಯಿತು. ಜನ್ಮದಲ್ಲಿ ಯಾವ ಪರೀಕ್ಷೆಯಲ್ಲೂ ಮೊದಲ ದರ್ಜೆ ಕಾಣದ ನನಗೆ ಇದೊಂದು ನನ್ನದೇ ಸಂಪಾದನೆ ಎನಿಸಿತ್ತು.

ಅದಕ್ಕೆ ಸಿಕ್ಕ ಮರ್ಯಾದೆ ನೋಡಿ. ನಾನು ಶಿವಾಜಿನಗರದ ಒಂದು ಸರಕಾರಿ ಕಚೇರಿಯಲ್ಲಿ ಕ್ಲರ್ಕ್ ಆಗಿದ್ದೆ. ಪಕ್ಕದ ಮೇಜಿನ ಮರಾಠಿ ಹೆಂಗಸು ಒಂದು ದಿನ ನನ್ನ ಕೈ ಹಿಡಿದು ಬಳೆಗಳನ್ನು ಮೊಣಕೈವರೆಗೆ ಸರಿಸಿ ನೋಡಿ, ಸುತ್ತಲಿನ ನಾಲ್ಕು ಮಂದಿಗೆ ತೋರಿಸಿದಳು. ಸಂತೆಯಲ್ಲಿ ಎಮ್ಮೆಯ ಹಲ್ಲು ನೋಡುತ್ತಾರಲ್ಲ, ಹಾಗೆ. ಟೇಕಡಿ ಹತ್ತುತ್ತೇನೆ, ಅನ್ನ ಬಿಟ್ಟಿದ್ದೇನೆ ಎಂದು ನಾನು ಹೇಳಿದರೆ ಅವಳು ತಲೆ ಅಲ್ಲಾಡಿಸಿ, ಅದೆಲ್ಲ ಸರಿ, ಆದರೂ ಒಮ್ಮೆ ಎಲ್ಲ ಟೆಸ್ಟ್ ಮಾಡಿಸು ಎಂದಳು. ಮರುದಿನ ಒಂದು ಡಬ್ಬಿಯಲ್ಲಿ ನೇರಳೆ ಬೀಜದ ಪುಡಿ ತಂದುಕೊಟ್ಟಳು. ನಾನು ಶುಗರ್ ಇದೆ ಎಂದು ಹೇಳಿರಲೇ ಇಲ್ಲ.

ಬ್ಲೌಸು ಹೊಲಿಯುವವನಿಗೆ ಅಳತೆ ಕೊಡಲು ಹೋದರೆ, ಹಳೆಯ ಮಾಪಿಗೇ ಹೊಲಿದು ಒಳಗೆ ಮಡಚಿ ಬಿಡುತ್ತೇನೆ, ಹೇಗೂ ಮೈ ವಾಪಸ್ ಬರುತ್ತದಲ್ಲ ಎಂದ. ಸಂಕ್ರಾಂತಿಯ ಅರಿಶಿನ ಕುಂಕುಮಕ್ಕೆ ಹೋದ ಮನೆಯಲ್ಲಿ ಗುರುತೇ ಇಲ್ಲದ ಒಬ್ಬ ಹೆಂಗಸು ಎಳ್ಳು ಕೊಡುತ್ತ, ಎರಡು ಹೆಚ್ಚಿಗೆ ತಗೋ, ಪಾಪ ಎಂದಳು. ನನ್ನ ಮೈಯೆಲ್ಲ ಉರಿದುಹೋಯಿತು.

ಗಂಡನದು ಇನ್ನೊಂದು ಗೋಳು. ಅವರು ಭೋಸರಿಯ ಒಂದು ಕಾರ್ಖಾನೆಯಲ್ಲಿ ಸ್ಟೋರ್ ಕೀಪರ್. ಸಹೋದ್ಯೋಗಿಯ ಮಗಳ ಮದುವೆಗೆ ಹೋಗಿಬಂದ ಮೇಲೆ ಮೂರು ದಿನ ಮುಖ ಊದಿಸಿಕೊಂಡು ಓಡಾಡಿದರು. ನಾಲ್ಕನೇ ದಿನ ಬಾಯಿ ಬಿಟ್ಟರು. ವೈನಿಗೆ, ಅಂದರೆ ಅತ್ತಿಗೆಗೆ, ಮನೆಯಲ್ಲಿ ಊಟ ಹಾಕುವುದಿಲ್ಲವೇನೋ ಎಂದು ಯಾರೋ ನಕ್ಕರಂತೆ. ಸಾಕು ಮಾಡು ಇನ್ನು, ಮಂದಿ ನನ್ನನ್ನು ಕೇಳುತ್ತಾರೆ ಎಂದರು. ಮಂದಿಯ ಬಾಯಿ ಮುಚ್ಚಿಸಲು ನಾನು ತಿನ್ನಬೇಕೇ ಎಂದು ಕೇಳಿದೆ. ಸ್ವಲ್ಪ ತಿಂದರೆ ತಪ್ಪೇನು ಎಂದರು. ಆ ರವಿವಾರ ಒಬ್ಬರಿಗೊಬ್ಬರು ಮಾತಾಡಲಿಲ್ಲ.

ಉತ್ತರ ಕೊಡುವ ಎಲ್ಲ ದಾರಿಯನ್ನೂ ಹಿಡಿದು ನೋಡಿದೆ. ನಿಜ ಹೇಳಿದರೆ ನಂಬುತ್ತಿರಲಿಲ್ಲ. ನಕ್ಕು ಸುಮ್ಮನಾದರೆ ಏನೋ ಮುಚ್ಚಿಡುತ್ತಾಳೆ ಎಂದುಕೊಳ್ಳುತ್ತಿದ್ದರು. ನೀವು ಯಾಕೆ ಇಷ್ಟು ದಪ್ಪಗಾಗಿದ್ದೀರಿ ಎಂದು ಒಮ್ಮೆ ಒಬ್ಬಾಕೆಯನ್ನು ತಿರುಗಿ ಕೇಳಿದೆ, ಆಕೆ ಸಿಟ್ಟಾಗಲಿಲ್ಲ, ಸಂತೋಷಪಟ್ಟಳು. ಕೊನೆಗೆ ಒಂದು ಸುಳ್ಳು ಹೇಳಿದೆ. ಅದು ಎಲ್ಲಕ್ಕಿಂತ ದುಬಾರಿಯಾಯಿತು.

ನಮ್ಮ ಎದುರು ಮನೆಯವರು ವಿಜಾಪುರದ ಕಡೆಯವರು. ಆಕೆ ಮೊದಲು ನನ್ನ ಜೊತೆಗೇ ಟೇಕಡಿಗೆ ಬರುತ್ತಿದ್ದರು. ಹತ್ತುವುದರಲ್ಲಿ ನನಗಿಂತ ಚುರುಕು. ಇಳಿದ ಮೇಲೆ ಕೆಳಗೆ ಗಾಡಿಯವನ ಹತ್ತಿರ ಒಂದು ಪ್ಲೇಟ್ ಕಾಂದಾ ಪೋಹೆ, ನಮ್ಮ ಉಳ್ಳಾಗಡ್ಡಿ ಅವಲಕ್ಕಿ, ಅದರ ಮೇಲೆ ಒಂದು ಚಹಾ. ದಿನವೂ ನನಗೂ ಕೊಡಿಸಲು ನೋಡುತ್ತಿದ್ದರು. ಎರಡು ವರ್ಷವಾದರೂ ಆಕೆಯಲ್ಲಿ ಕಾಲು ಕಿಲೋದ ವ್ಯತ್ಯಾಸವಾಗಲಿಲ್ಲ. ಹಾಗಾಗಿ ನನ್ನದು ಗುಡ್ಡದಿಂದ ಆದದ್ದಲ್ಲ ಎಂಬುದಕ್ಕೆ ಆಕೆಯೇ ಜೀವಂತ ಸಾಕ್ಷಿ ಎಂದು ಆಕೆಯ ತಿಳುವಳಿಕೆ. ಒಂದು ಸಂಜೆ ಎರಡೂ ಕೈಯಲ್ಲಿ ಕಾಯಿಪಲ್ಲೆಯ ಚೀಲ ಹಿಡಿದು ಮೆಟ್ಟಿಲು ಹತ್ತುತ್ತಿದ್ದೆ. ಆಕೆ ದಾರಿ ಅಡ್ಡಗಟ್ಟಿ ನಿಂತು, ದಿನದಿಂದ ದಿನಕ್ಕೆ ಹಿಂಗ ಇಳಿಯೂದು ಛೊಲೋ ಅಲ್ರೀ, ಏನಾರ ಇದ್ದರ ನನಗಾದರೂ ಹೇಳ್ರಿ ಎಂದು ಶುರು ಮಾಡಿದರು. ನನ್ನ ತಲೆ ಚಿಟ್ಟುಹಿಡಿದಿತ್ತು.

"ಹೌದ್ರಿ, ದೊಡ್ಡ ಬ್ಯಾನಿ ಅದ," ಎಂದೆ. "ಯಾರಿಗೂ ಹೇಳಬ್ಯಾಡ್ರಿ ಅಂದಾರ ಡಾಕ್ಟರು."

ಆಕೆ ಬಾಯಿಯ ಮೇಲೆ ಕೈಯಿಟ್ಟುಕೊಂಡು ಪಕ್ಕಕ್ಕೆ ಸರಿದರು. ಒಳಗೆ ಬಂದು ಚೀಲ ಇಳಿಸಿ ಒಬ್ಬಳೇ ನಕ್ಕೆ. ಎತ್ತು ಈಯಿತು ಅಂದರೆ ಕೊಟ್ಟಿಗೆಗೆ ಕಟ್ಟು ಎನ್ನುವವರಿಗೆ ಇದೇ ಸರಿ ಎನಿಸಿತು. ಆಕೆ ಮರುದಿನ ಮಧ್ಯಾಹ್ನ ನಾನು ಆಫೀಸಿಗೆ ಹೋದ ಮೇಲೆ ಬಂದು, ಅಕ್ಕಿ ಆರಿಸುತ್ತ ಕೂತಿದ್ದ ನನ್ನ ಅತ್ತೆಗೆ ಇದನ್ನು ಹೇಳಿ ಕಣ್ಣೊರೆಸಿಕೊಂಡು ಹೋಗಿದ್ದಾರೆ. ನನಗೆ ಆಗ ಗೊತ್ತಾಗಲಿಲ್ಲ.

ಅತ್ತೆ ನನ್ನನ್ನು ಒಂದು ಮಾತೂ ಕೇಳಲಿಲ್ಲ. ಕೇಳಿದ್ದರೆ ಅಲ್ಲೇ ನಕ್ಕು ಮುಗಿದುಹೋಗುತ್ತಿತ್ತು. ಅಷ್ಟು ದಿನದಲ್ಲಿ ನನ್ನ ತೂಕದ ಬಗ್ಗೆ ತುಟಿ ಪಿಟಕ್ಕೆನ್ನದ ಒಬ್ಬರೇ ಒಬ್ಬರು ಅವರು. ಅದಕ್ಕಾಗಿ ಅವರನ್ನು ಮನಸ್ಸಿನಲ್ಲೇ ಹೊಗಳಿಕೊಂಡಿದ್ದೆ. ಸುಮ್ಮನಿದ್ದವರೆಲ್ಲ ನಿಶ್ಚಿಂತೆಯಿಂದ ಇರುತ್ತಾರೆ ಎಂದು ನಾನು ತಿಳಿದದ್ದು ನನ್ನ ದಡ್ಡತನ.

ಆ ವಾರದಿಂದ ನನ್ನ ರೊಟ್ಟಿಯ ರುಚಿ ಬದಲಾಯಿತು. ಒಂದೇ ರೊಟ್ಟಿ, ಆದರೆ ಒಳಗೆಲ್ಲ ತುಪ್ಪ. ಹಿಟ್ಟಿಗೇ ಕಲಸಿ ಬಡಿಯುತ್ತಿದ್ದರು. ಸಾರಿನ ಮೇಲೆ ತೇಲುವ ಹಳದಿ ಹನಿಗಳನ್ನು ಚಮಚದಿಂದ ತೆಗೆದರೆ ಅವರು ನೋಡದ ಹಾಗೆ ಮಾಡುತ್ತಿದ್ದರು. ಹದಿನೈದು ದಿನಕ್ಕೆ ಒಂದು ಕಿಲೋ ಏರಿತು. ನಾನು ಸಂಜೆಯೂ ಟೇಕಡಿ ಹತ್ತಿ ಅದನ್ನು ಇಳಿಸಿದೆ. ಒಲೆಯ ಮುಂದೆ ಅವರು, ಗುಡ್ಡದ ಮೇಲೆ ನಾನು, ಹೀಗೆ ಬಾಯಿ ಬಿಡದೆ ಜಗಳ ನಡೆಯಿತು. ಅತ್ತೆಗೂ ನಾನು ದಪ್ಪಗೇ ಇರಬೇಕಾಗಿದೆ ಎಂದು ನನಗೆ ಬಲು ಬೇಸರವಾಗಿತ್ತು.

ಜೊತೆಗೇ ಅವರು ಹುಬ್ಬಳ್ಳಿಗೆ ಫೋನ್ ಹಚ್ಚಿಸಿ, ಇದೇ ತಿಂಗಳು ಜೇಜುರಿ ಆಗಬೇಕು, ಯಾರು ಬಂದರೂ ಸರಿ ಬರದಿದ್ದರೂ ಸರಿ ಎಂದು ಮಗಳಿಗೆ ಹೇಳಿದರು. ಎರಡು ವರ್ಷ ಸಿಗದ ರಜೆ ಆಗ ಸಿಕ್ಕಿತು. ನಾದಿನಿ ಬಂದಿಳಿದವಳೇ ನನ್ನನ್ನು ಮೇಲಿಂದ ಕೆಳಗೆ ನೋಡಿ, ಚಪ್ಪಲಿ ಬಿಡುವ ಮೊದಲೇ ಮುಖ್ಯ ಪ್ರಶ್ನೆ ಎತ್ತಿದಳು.

"ಅಲ್ಲ ವೈನಿ, ಅವ್ವ ಹರಕಿ ಹೊತ್ತಾಗ ನೀವು ಎಪ್ಪತ್ತೆಂಟು ಇದ್ದರಿ. ಈಗ ಅರವತ್ತೊಂದು ತೂಗಿದರ ದೇವರಿಗೆ ಮೋಸ ಆಗೂದಿಲ್ಲೇನು?"

ಇಷ್ಟು ದಿನ ನನ್ನ ಮೈ ಊರಿನವರದಾಗಿತ್ತು, ಈಗ ದೇವರದೂ ಆಯಿತು. ಅಂದಿನಿಂದ ಮೂರು ದಿನ ನಮ್ಮ ಮನೆಯ ಹಾಲಿನಲ್ಲಿ ಇದೇ ಚರ್ಚೆ. ಹರಕೆ ಹೊತ್ತ ದಿನದ ತೂಕವೋ, ತೀರಿಸುವ ದಿನದ ತೂಕವೋ? ನಾದಿನಿಯ ಗಂಡ, ನಾಲ್ಕು ತಿಂಗಳು ಮುಂದೂಡಿ ವೈನಿ ಮತ್ತೆ ತುಂಬಿಕೊಳ್ಳಲಿ ಎಂದ. ನಾದಿನಿಗೆ ಇನ್ನೊಂದು ಉಪಾಯ ಹೊಳೆಯಿತು. ಉಡಿಯಲ್ಲಿ ರುಬ್ಬುಗುಂಡು ಇಟ್ಟುಕೊಂಡು ಕೂತರೆ ಯಾರಿಗೆ ಕಾಣುತ್ತದೆ? ಸೀರೆ ಒದ್ದೆ ಮಾಡಿಕೊಂಡು ಕೂತರೂ ಎರಡು ಕಿಲೋ ಬರುತ್ತದೆ ಎಂದು ನನ್ನ ಗಂಡ ಸ್ಟೋರ್ ಕೀಪರನ ಗಾಂಭೀರ್ಯದಿಂದ ಹೇಳಿದರು. ಈ ಮಾತು ಕೇಳಲಿಕ್ಕೋ ನಾನು ಆಪರೇಶನ್ ಮೇಜಿನಿಂದ ಎದ್ದು ಬಂದದ್ದು ಎನಿಸಿತು. ದೇವರಿಗೆ ಕಲ್ಲು ತೂಗಿ ಕೊಡುವಷ್ಟು ನಾಚಿಕೆಗೆಟ್ಟವಳು ನಾನಲ್ಲ ಎಂದು ಎಲ್ಲರ ಮುಂದೆ ಹೇಳಿ ಒಳಗೆ ಹೋದೆ.

ಅತ್ತೆ ಚರ್ಚೆಯಲ್ಲಿ ಬಾಯಿ ಹಾಕಲಿಲ್ಲ. ಮಾರ್ಕೆಟ್ ಯಾರ್ಡಿಗೆ ಮಗನನ್ನು ಕಳಿಸಿ ಹತ್ತು ಹತ್ತು ಕಿಲೋದ ಎಂಟು ಪೆಂಟಿ ಬೆಲ್ಲ ತರಿಸಿದರು. ಏಳು ಸಾಕಲ್ಲ, ಅದೂ ಹೆಚ್ಚೇ ಎಂದು ಮಗ ಹೇಳಿದರೆ, ಎಂಟೇ ಬೇಕು ಎಂದರು. ಗೋಣಿತಟ್ಟಿನಲ್ಲಿ ಸುತ್ತಿದ ಆ ಎಂಟು ಪೆಂಟಿಗಳು ಹಾಲಿನಲ್ಲಿ ಟಿವಿಯ ಪಕ್ಕ ಒಂದರ ಮೇಲೊಂದು ಕೂತವು. ಇರುವೆ ಬರದ ಹಾಗೆ ಅತ್ತೆ ಸುತ್ತ ಅರಿಶಿನದ ಗೆರೆ ಎಳೆದರು. ಬಂದವರೆಲ್ಲ ಆ ರಾಶಿಯನ್ನು ನೋಡಿ ನನ್ನನ್ನು ನೋಡುತ್ತಿದ್ದರು. ನನ್ನ ಹಳೆಯ ಮೈಯನ್ನೇ ತಂದು ಹಾಲಿನಲ್ಲಿ ಕೂಡಿಸಿದಂತೆ ನನಗೆ ಕಾಣುತ್ತಿತ್ತು. ಅತ್ತೆಯ ಟೀಕೆ ಇದು, ಬಾಯಲ್ಲಿ ಆಡುವ ಬದಲು ಬೆಲ್ಲದಲ್ಲಿ ಆಡಿದ್ದಾರೆ ಎಂದುಕೊಂಡೆ. ಎಲ್ಲರಿಗಿಂತ ಹೆಚ್ಚಿನ ಸಿಟ್ಟು ನನಗೆ ಅವರ ಮೇಲೇ ಬಂದಿತ್ತು.

ಒಂದು ರವಿವಾರ ಬೆಳಿಗ್ಗೆ ಬಾಡಿಗೆ ಜೀಪಿನಲ್ಲಿ ಹೊರಟೆವು. ಬೆಲ್ಲ ಹಿಂದೆ, ನಾವು ಮುಂದೆ. ಸಾಸವಡ ದಾಟುವವರೆಗೂ ನಾದಿನಿ ರುಬ್ಬುಗುಂಡಿನ ಆಸೆ ಬಿಟ್ಟಿರಲಿಲ್ಲ. ಜೇಜುರಿಯಲ್ಲಿ ನಮ್ಮ ಮನೆತನದವರು ಇಳಿದುಕೊಳ್ಳುವ ಪೂಜಾರಿಯ ಮನೆ ಮೆಟ್ಟಿಲುಗಳ ಬುಡದಲ್ಲೇ ಇದೆ. ಮೇಲೆ ಹೋಗಿ ದರ್ಶನ ಮಾಡಿ, ಭಂಡಾರದ ಅರಿಶಿನ ಮೈತುಂಬ ಎರಚಿಸಿಕೊಂಡು, ತೂಗುವ ಕೆಲಸಕ್ಕೆ ಅವರ ಅಂಗಳಕ್ಕೆ ಇಳಿದೆವು. ಅಂಗಳದಲ್ಲಿ ಮೂರು ಕಂಬ ನೆಟ್ಟು ದೊಡ್ಡ ತಕ್ಕಡಿ ತೂಗುಹಾಕಿದ್ದರು. ಅತ್ತೆಗೆ ಆಗ ಎಪ್ಪತ್ತೆರಡು. ಮೆಟ್ಟಿಲು ಹತ್ತಿಳಿದು ಕಾಲು ನಡುಗುತ್ತಿದ್ದರೂ ಕುರ್ಚಿಯಲ್ಲಿ ಕೂಡಲೊಲ್ಲದೆ ತಕ್ಕಡಿಯ ಪಕ್ಕವೇ ನಿಂತರು.

ನಾನು ಒಂದು ತಟ್ಟೆಯಲ್ಲಿ ಕೂತೆ. ಕೈಯಲ್ಲಿ ಏನೂ ಇಲ್ಲ, ಉಡಿಯಲ್ಲಿ ಏನೂ ಇಲ್ಲ, ಸೀರೆ ಒಣಗಿಯೇ ಇತ್ತು. ಇನ್ನೊಂದು ತಟ್ಟೆಗೆ ಪೂಜಾರಿಯವರು ಒಂದೊಂದೇ ಪೆಂಟಿ ಏರಿಸುತ್ತ ಬಂದರು. ನಮ್ಮ ಕಡೆಯಿಂದ ಬಂದ ಬೇರೆ ಯಾತ್ರಿಕರೂ ಸುತ್ತ ನಿಂತು ನೋಡುತ್ತಿದ್ದರು. ಆರನೆಯದಕ್ಕೆ ನನ್ನ ತಟ್ಟೆ ಅಲುಗಾಡಿತು. ಏಳನೆಯದರಿಂದ ಒಂದು ಚೂರು ಒಡೆದು ಹಾಕಿದ ಮೇಲೆ ನನ್ನ ತಟ್ಟೆ ನೆಲ ಬಿಟ್ಟು ಮುಳ್ಳು ನಡುವೆ ನಿಂತಿತು. ಇಷ್ಟೇನಾ ಎಂದು ಯಾರೋ ಹೆಂಗಸು ಕೇಳಿದಳು. ಎಪ್ಪತ್ತೆಂಟು ಇದ್ದರು ಎಂದು ನಾದಿನಿ ಆ ಅಪರಿಚಿತೆಗೆ ವಿವರಿಸಿದಳು. ಗಾಳಿಯಲ್ಲಿ ತೂಗುತ್ತ ಕೂತಿದ್ದ ನಾನು ಮಾರುತ್ತರ ಕೊಡುವ ಸ್ಥಿತಿಯಲ್ಲಿರಲಿಲ್ಲ.

ಪೂಜಾರಿಯವರು ಮುಗಿಯಿತು, ಇಳಿಯಿರಿ ಎಂದರು. ಅತ್ತೆ ಕೈ ಎತ್ತಿ ತಡೆದರು. ಉಳಿದ ಬೆಲ್ಲವನ್ನೂ ತರಿಸಿ, ತಟ್ಟೆಯ ಕೆಳಗೆ ನೆಲದ ಮೇಲೆ ಇಡಿಸಿದರು. ಆಮೇಲೆ ಗುಡ್ಡದ ಕಡೆ ತಿರುಗಿ ಕೈಮುಗಿದರು. ಅವರು ದೇವರ ಜೊತೆ ಮಾತಾಡುವಾಗ ಪಿಸುಗುಟ್ಟುವವರಲ್ಲ, ಎದುರು ಮನೆಯವರ ಜೊತೆ ಮಾತಾಡಿದ ಹಾಗೇ ಮಾತಾಡುವವರು.

"ಮೈಲಾರಲಿಂಗಾ, ಹರಕಿ ತಡಾ ಮಾಡಿದಾಕಿ ನಾನು. ತಪ್ಪು ನಂದು. ನೀ ನನ್ನ ಬಿಟ್ಟು ಆಕೀ ಮೈಯಾಗಿಂದ ಹದಿನೇಳು ಕಿಲೋ ಎಳಕೊಂಡಿ. ಅದನ್ನ ನಾ ತಿರುಗಿ ಕೇಳೂದಿಲ್ಲ. ಇದನ್ನೂ ತಗೋ. ಇನ್ನ ಮ್ಯಾಲ ಆಕೀನ್ನ ಮುಟ್ಟಬ್ಯಾಡ."

ನನಗೆ ಎಲ್ಲ ಅರ್ಥವಾಗಲು ಸ್ವಲ್ಪ ಹೊತ್ತು ಬೇಕಾಯಿತು. ಎರಡು ವರ್ಷ ಅವರು ನನ್ನ ಬಳೆ ಸಡಿಲಾಗುವುದನ್ನು, ಬ್ಲೌಸು ಜೋಲುವುದನ್ನು ನೋಡುತ್ತ, ತಾವು ತೀರಿಸದ ಹರಕೆಗೆ ದೇವರು ನನ್ನನ್ನು ಚೂರು ಚೂರೇ ಕಡಿದುಕೊಳ್ಳುತ್ತಿದ್ದಾನೆ ಎಂದು ಒಳಗೊಳಗೇ ಸಾಯುತ್ತಿದ್ದರು. ನಾನು ಹೆಮ್ಮೆಪಟ್ಟ ಒಂದೊಂದು ಕಿಲೋ ಅವರಿಗೆ ಒಂದೊಂದು ಎಚ್ಚರಿಕೆಯಾಗಿತ್ತು. ಬಾಯಿಬಿಟ್ಟು ಹೇಳಿದರೆ ನಿಜವಾಗಿಬಿಟ್ಟೀತೆಂದು ಹೇಳಿರಲಿಲ್ಲ. ಎದುರು ಮನೆಯಾಕೆ ನನ್ನ ದೊಡ್ಡ ಬೇನೆಯ ಸುದ್ದಿ ಮುಟ್ಟಿಸಿಯೇ ಇವರ ಜೀವ ಬಾಯಿಗೆ ಬಂದದ್ದು ಎಂದು ಆಗ ಹೊಳೆಯಿತು. ನಾನು ಹಗುರಾಗಿ ಆಡಿದ ಸುಳ್ಳು ಅದು. ತಕ್ಕಡಿಯಿಂದ ಇಳಿಯುವಾಗ ಅವರ ಮುಖ ನೋಡಲು ನನಗೆ ಧೈರ್ಯವಾಗಲಿಲ್ಲ.

ತಿರುಗಿ ಬರುವಾಗ ಜೀಪಿನಲ್ಲಿ ಅವರ ಪಕ್ಕ ಕೂತು ಎಲ್ಲ ಹೇಳಿದೆ. ಬೇನೆ ಇಲ್ಲ, ಎದುರು ಮನೆಯಾಕೆಯ ಕಾಟ ತಾಳದೆ ಸುಳ್ಳು ಹೇಳಿದೆ ಎಂದೆ. ಅವರು ಕೇಳಿಸಿಕೊಂಡರು.

"ಬ್ಯಾನಿ ಇಲ್ಲಂದರ ನನ್ನ ಮಾತು ಇನ್ನೂ ಖರೇ ಆತಲ್ಲವಾ," ಎಂದರು. "ಬ್ಯಾನಿ ಇಲ್ಲದಾಕಿ ಸುಮ್ಮಸುಮ್ಮನ ಹದಿನೇಳು ಕಿಲೋ ಹೆಂಗ ಇಳೀತಾಳ?"

"ಸುಮ್ಮನ ಅಲ್ರೀ ಅತ್ತಿಯವರ, ದಿನಾ ಗುಡ್ಡಾ ಹತ್ತಿ ಇಳಿಸೀನಿ."

"ಎದುರು ಮನಿಯಾಕೀನೂ ಹತ್ತತಾಳ. ಆಕಿ ಇಳದಾಳೇನು?"

ಕಾಂದಾ ಪೋಹೆಯ ವಿಷಯ ಬಿಡಿಸಿ ಹೇಳತೊಡಗಿದೆ. ಅವರು ನನ್ನ ಮೊಣಕಾಲಿನ ಮೇಲೆ ಕೈಯಿಟ್ಟು, ಇರಲಿ ಬಿಡವಾ, ತೀರಿತಲ್ಲ ಎಂದು ಕಣ್ಣುಮುಚ್ಚಿದರು. ಸಾಸವಡದವರೆಗೆ ನಿದ್ದೆ ಮಾಡಿದರು. ಅಂಥ ನಿದ್ದೆಯನ್ನು ಅವರು ಬಹಳ ದಿನದಿಂದ ಮಾಡಿರಲಿಲ್ಲ. ಎಬ್ಬಿಸಿ ವಾದ ಮುಂದುವರಿಸುವುದು ನನ್ನಿಂದ ಆಗಲಿಲ್ಲ.

ಮುಗಿಯಿತೆಂದು ನಾನೂ ತಿಳಿದಿದ್ದೆ. ತಿಂಗಳಿಗೊಮ್ಮೆ ಅತ್ತೆಯನ್ನು ನಮ್ಮ ಗಲ್ಲಿಯ ಡಾಕ್ಟರ ಹತ್ತಿರ ಬಿಪಿ ತೋರಿಸಲು ಕರೆದೊಯ್ಯುತ್ತಿದ್ದೆ. ಜೇಜುರಿಯ ನಂತರ ಅವರು ಅಲ್ಲಿ ನನ್ನನ್ನೂ ತೂಕದ ಯಂತ್ರದ ಮೇಲೆ ನಿಲ್ಲಲು ಹೇಳಿ, ಕಾಂಪೌಂಡರನನ್ನು ಎಷ್ಟು ಎಂದು ಕೇಳತೊಡಗಿದರು. ಅರವತ್ತೊಂದು ಎಂದು ಅವನು ಹೇಳಿದರೆ ತಲೆಯಾಡಿಸುತ್ತಿದ್ದರು. ಮೂರನೇ ತಿಂಗಳು ಅವನು ಅರವತ್ತು ಎಂದ. ನನಗೆ ಒಳಗೊಳಗೇ ಖುಷಿಯಾಯಿತು, ಡಾಕ್ಟರು ಐವತ್ತೆಂಟು ಆಗಲಿ ಎಂದಿದ್ದರು. ಅತ್ತೆ ಮಾತ್ರ ಆ ದಿನ ಊಟ ಮಾಡಲಿಲ್ಲ. ಮರುದಿನ ಬೆಳಿಗ್ಗೆ ದೇವರ ಜಗುಲಿಯ ಮುಂದೆ ಕೂತು ಮತ್ತೊಂದು ಹರಕೆಗೆ ಮುಡಿಪು ಕಟ್ಟುತ್ತಿದ್ದರು. "ಇನ್ನೂ ಸಾಕಾಗಿಲ್ಲೇನು ನಿನಗ?" ಎಂದು ಫೋಟೋವನ್ನು ಕೇಳುತ್ತಿದ್ದರು. ನನಗೆ ಹಣೆ ಚಚ್ಚಿಕೊಳ್ಳಬೇಕೆನಿಸಿತು.

ಮರುತಿಂಗಳು ಡಾಕ್ಟರ ಹತ್ತಿರ ಹೋಗುವ ಮೊದಲು ಎರಡು ತಂಬಿಗೆ ನೀರು ಕುಡಿದೆ, ಎರಡು ಬಾಳೆಹಣ್ಣು ತಿಂದೆ. ಅರವತ್ತೊಂದು ಬಂತು. ಅತ್ತೆ ಮನೆಗೆ ಬಂದು ಎರಡು ರೊಟ್ಟಿ ಉಂಡರು. ಆಮೇಲಿನ ಆರು ವರ್ಷ ಇದೇ ನನ್ನ ವ್ರತ. ಟೇಕಡಿ ಬಿಡಲಿಲ್ಲ, ಆದರೆ ಅರವತ್ತೊಂದರ ಕೆಳಗೆ ಬರದ ಹಾಗೆ ತಿಂದೆ. ಜ್ವರ ಬಂದು ಇಳಿದ ತಿಂಗಳು ಹೆಗಲಿಗೆ ಹಾಕಿದ ಚೀಲದಲ್ಲಿ ಗಂಡನ ಸ್ಪ್ಯಾನರುಗಳನ್ನು ತುಂಬಿಕೊಂಡು ಯಂತ್ರದ ಮೇಲೆ ನಿಂತೆ. ಡಾಕ್ಟರು ಚೀಲ ನೋಡಿದರು, ನನ್ನ ಅತ್ತೆಯ ಮುಖ ನೋಡಿದರು, ಸುಮ್ಮನಾದರು. ದೇವರಿಗೆ ಕಲ್ಲು ತೂಗಿ ಕೊಡಲಾರೆ ಎಂದು ಮೆರೆದವಳು ಮುದುಕಿಗೆ ಕಬ್ಬಿಣ ತೂಗಿ ಕೊಡುತ್ತಿದ್ದೆ.

ಜನರ ಬಾಯಿ ಅಷ್ಟರಲ್ಲಿ ಹೊಸ ರಾಗ ಹಿಡಿದಿತ್ತು. ಕಾಲ ಬದಲಾಗಿತ್ತು, ಪುಣೆಯ ಗಲ್ಲಿಗಲ್ಲಿಗೆ ಜಿಮ್ ಬಂದಿದ್ದವು. ಎಷ್ಟು ಛಂದ ಮೇಂಟೇನ್ ಮಾಡೀರಿ, ಏನು ತಿಂತೀರಿ, ಯಾವ ಡಯಟ್ ಎಂದು ಕೇಳುತ್ತಿದ್ದರು. ನೇರಳೆ ಬೀಜದ ಪುಡಿ ಕೊಟ್ಟ ಹೆಂಗಸೇ ನನ್ನ ಟೈಂಟೇಬಲ್ ಬರೆದುಕೊಳ್ಳಲು ಪೆನ್ನು ಹಿಡಿದು ಬಂದಳು. ಅತ್ತೆಗೆ ಹೆದರಿಕೊಂಡಿದ್ದೇನೆ ಎಂದೆ. ಅವಳು ತಮಾಷೆ ಎಂದುಕೊಂಡು ನಕ್ಕಳು. ನನಗೆ ಆ ಹೊಗಳಿಕೆ ಹಳೆಯ ಕನಿಕರಕ್ಕಿಂತ ಹೆಚ್ಚು ರೇಗಿಸುತ್ತಿತ್ತು.

ಅತ್ತೆ ಹೋದದ್ದು ಒಂದು ಮಧ್ಯಾಹ್ನ. ಉಂಡು ಮಲಗಿದವರು ಏಳಲಿಲ್ಲ. ಆ ತಿಂಗಳ ತೂಕ ನೋಡಿ ಮೂರು ದಿನವಾಗಿತ್ತು, ಅರವತ್ತೊಂದೇ ಇತ್ತು. ಅದೊಂದು ನನಗೆ ಸಮಾಧಾನ.

ಮೂರು ತಿಂಗಳ ಮೇಲೆ ನನ್ನ ಗುಳಿಗೆ ಮುಗಿದು ಡಾಕ್ಟರ ಹತ್ತಿರ ಒಬ್ಬಳೇ ಹೋದೆ. ನೀರು ಕುಡಿದಿರಲಿಲ್ಲ. ಚೀಲ ಕುರ್ಚಿಯ ಮೇಲಿಟ್ಟು ಯಂತ್ರದ ಮೇಲೆ ನಿಂತೆ. ಕಾಂಪೌಂಡರ್ ಐವತ್ತಾರು ಎಂದು ಚೀಟಿಯಲ್ಲಿ ಬರೆದುಕೊಂಡ. ಗುಳಿಗೆ ತೆಗೆದುಕೊಂಡು ಮನೆಗೆ ಬಂದರೆ ಮೆಟ್ಟಿಲಲ್ಲಿ ಎದುರು ಮನೆಯಾಕೆ ಸಿಕ್ಕರು. ಅವರಿಗೂ ವಯಸ್ಸಾಗಿತ್ತು, ಕಟ್ಟೆಗೆ ಕೈಯೂರಿಕೊಂಡು ನಿಂತು ನನ್ನನ್ನು ನೋಡಿದರು.

"ಭಾಳ ಇಳದೀರಿ," ಎಂದರು.

ಹನ್ನೆರಡು ಥರದ ಉತ್ತರ ಕಲಿತಿಟ್ಟುಕೊಂಡವಳು ನಾನು. ಅವನ್ನೆಲ್ಲ ಬದಿಗಿಟ್ಟೆ.

"ಹೌದ್ರಿ," ಎಂದೆ. "ಮೈಲಾರಲಿಂಗಗ ಮುಟ್ಟಬ್ಯಾಡ ಅನ್ನಾವರು ಈಗ ಮನ್ಯಾಗ ಯಾರದಾರ?"